ಗಣಕಯಂತ್ರದಲ್ಲಿ ಪ್ರಕ್ರಿಯೆಗಳ ಗುರುತಿನ ಸಂಖ್ಯೆ: ಹಂಚಿಕೆ ಮತ್ತು ಮರುಬಳಕೆ

ಗಣಕಯಂತ್ರದಲ್ಲಿ ಚಾಲನೆಯಲ್ಲಿರುವ ಪ್ರತಿಯೊಂದು ಕಾರ್ಯಕ್ರಮವನ್ನು ‘ಪ್ರಕ್ರಿಯೆ’ ಎನ್ನಲಾಗುತ್ತದೆ. ಆಪರೇಟಿಂಗ್ ಸಿಸ್ಟಂ ಪ್ರತಿ ಪ್ರಕ್ರಿಯೆಗೂ ಒಂದು ಗುರುತಿನ ಸಂಖ್ಯೆಯನ್ನು ನೀಡುತ್ತದೆ. ಲಿನಕ್ಸ್‌ನಲ್ಲಿ ಅನುಸರಿಸುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ನೀಡಲಾಗಿದೆ.

1. ಹಂಚಿಕೆ: ಮೊದಲ ಪ್ರಕ್ರಿಯೆಗೆ 1ನೇ ಸಂಖ್ಯೆ ದೊರೆಯುತ್ತದೆ. ನಂತರದವುಗಳಿಗೆ ಏರಿಕೆ ಕ್ರಮದಲ್ಲಿ ನೀಡಲಾಗುತ್ತದೆ.

2. ಮಿತಿ: ರೂಢಿಯ ಮಿತಿ 32,768. 64 ಬಿಟ್ ಯಂತ್ರಗಳಲ್ಲಿ ಇದನ್ನು 41,94,304ರವರೆಗೆ ಹೆಚ್ಚಿಸಬಹುದು. ಮಿತಿ ತಲುಪಿದ ನಂತರ 300ರಿಂದ ಮೇಲ್ಪಟ್ಟು ಖಾಲಿ ಇರುವ ಸಂಖ್ಯೆಗಳನ್ನು ಪುನಃ ಹಂಚಲಾಗುತ್ತದೆ.

3. ತೆರವು: ಪ್ರಕ್ರಿಯೆ ಮುಗಿದ ಮಾತ್ರಕ್ಕೆ ಸಂಖ್ಯೆ ತೆರವಾಗುವುದಿಲ್ಲ. ಅದನ್ನು ಆರಂಭಿಸಿದ ಮಾತೃ ಪ್ರಕ್ರಿಯೆಯು ಮುಕ್ತಾಯದ ಮಾಹಿತಿಯನ್ನು ಪಡೆದ ನಂತರವೇ ಸಾಮಾನ್ಯವಾಗಿ ತೆರವಾಗುತ್ತದೆ.

4. ಎಚ್ಚರಿಕೆ: ಇಂದಿನ ಟೋಕನ್ ಸಂಖ್ಯೆ ನಾಳೆ ಬೇರೊಬ್ಬರಿಗೆ ದೊರೆಯುವಂತೆ, ಹಳೆಯ ಸಂಖ್ಯೆಯು ಬೇರೊಂದು ಪ್ರಕ್ರಿಯೆಗೆ ಸಂದಿರಬಹುದು. ಹಿಂದೆ ಬರೆದಿಟ್ಟುಕೊಂಡ ಸಂಖ್ಯೆಗೆ ನಿಲುಗಡೆಯ ಆದೇಶ ನೀಡಿದಲ್ಲಿ ಸಂಬಂಧವಿಲ್ಲದ ಪ್ರಕ್ರಿಯೆ ನಿಂತು, ಉಳಿಸದಿರುವ ಮಾಹಿತಿ ನಷ್ಟವಾಗಬಹುದು. ಆದ್ದರಿಂದ ಆದೇಶ ನೀಡುವ ಮುನ್ನ ಪ್ರಕ್ರಿಯೆಯ ಹೆಸರು ಹಾಗೂ ಅದು ಆರಂಭವಾದ ಸಮಯವನ್ನು ತಾಳೆ ನೋಡತಕ್ಕದ್ದು.

5. ಪರಿಹಾರ: 2019ರಲ್ಲಿ ಲಿನಕ್ಸ್‌ಗೆ ‘ಪಿಐಡಿಎಫ್‌ಡಿ’ ಸೌಲಭ್ಯವನ್ನು ಅಳವಡಿಸಲಾಯಿತು. ಇದನ್ನು ಬಳಸುವ ತಂತ್ರಾಂಶವು ಸಂಖ್ಯೆಯನ್ನು ಅವಲಂಬಿಸದೆ ನಿರ್ದಿಷ್ಟ ಪ್ರಕ್ರಿಯೆಯನ್ನೇ ಗುರುತಿಸುವುದರಿಂದ, ಆದೇಶವು ಬೇರೆ ಪ್ರಕ್ರಿಯೆಗೆ ತಲುಪುವುದಿಲ್ಲ.