ಇಂಗ್ಲೆಂಡಿನ ಮನೆ ಬೆಚ್ಚಗಿಡುವ ಬಾಯ್ಲರ್: ಯಂತ್ರದಷ್ಟೇ ಪೈಪು ಜೋಡಣೆಯೂ ಮುಖ್ಯ

ಮಗನೋ ಮಗಳೋ ನೌಕರಿ ನಿಮಿತ್ತ ಇಂಗ್ಲೆಂಡಿನಲ್ಲಿ ನೆಲೆಸಿರುವ ಕುಟುಂಬಗಳು ಮುಂಬಯಿ ಕನ್ನಡಿಗರಲ್ಲಿ ಇಂದು ಅಪರೂಪವಲ್ಲ. ಮಕ್ಕಳ ಮನೆಗೆ ಹೊರಡುವ ತಂದೆ-ತಾಯಿ ಸ್ವೆಟರ್, ಉಪ್ಪಿನಕಾಯಿ, ಔಷಧಿಗಳ ಪಟ್ಟಿಯನ್ನು ತಿಂಗಳ ಮೊದಲೇ ಸಿದ್ಧಪಡಿಸುತ್ತಾರೆ. ಆದರೆ ಚಳಿಗಾಲದಲ್ಲಿ ಆ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಬಗ್ಗೆ ವಿಚಾರಿಸುವವರು ಕಡಿಮೆ. ಸರಿಯಾಗಿ ಜೋಡಿಸಿದ ಬಾಯ್ಲರ್ ಸುಖ ನೀಡುತ್ತದೆ. ಜೋಡಣೆ ತಪ್ಪಿದರೆ ಹಣಕ್ಕೂ ಕುತ್ತು, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು.

ಹಂಡೆಗೂ ಇದಕ್ಕೂ ವ್ಯತ್ಯಾಸ

ಊರಿನ ಬಚ್ಚಲುಮನೆಯ ಹಂಡೆಯಲ್ಲಿ ಕಾಯಿಸಿದ ನೀರು ಸ್ನಾನಕ್ಕೆ ಖರ್ಚಾಗುತ್ತದೆ. ಇಲ್ಲಿ ಹಾಗಲ್ಲ. ಕೋಣೆಗಳನ್ನು ಬಿಸಿ ಮಾಡಲು ಒಂದೇ ನೀರು ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಿರುತ್ತದೆ. ಬಾಯ್ಲರ್‌ನಲ್ಲಿ ಗ್ಯಾಸ್ ಉರಿದು ನೀರು ಕಾಯುತ್ತದೆ. ಪಂಪು ಅದನ್ನು ಪ್ರತಿ ಕೋಣೆಯ ರೇಡಿಯೇಟರ್‌ಗೆ ತಳ್ಳುತ್ತದೆ. ಶಾಖ ಬಿಟ್ಟುಕೊಟ್ಟ ನೀರು ಇನ್ನೊಂದು ಪೈಪಿನ ಮೂಲಕ ಮರಳುತ್ತದೆ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಮುಖ್ಯ ಪೈಪು 22 ಮಿ.ಮೀ., ರೇಡಿಯೇಟರ್‌ಗೆ ಹೋಗುವ ಕವಲು 15 ಮಿ.ಮೀ. ಇರುತ್ತದೆ.

ಕಾದ ನೀರು ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು. ಆದ್ದರಿಂದ ರಬ್ಬರ್ ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ ಇರುವ ಪುಟ್ಟ ಟ್ಯಾಂಕನ್ನು ಜೋಡಿಸುತ್ತಾರೆ. ಪಂಪು ನೀರನ್ನು ಎಳೆದುಕೊಳ್ಳುವ ಬದಿಯಲ್ಲಿ ಈ ಟ್ಯಾಂಕು ಇರುವುದು ಒಳ್ಳೆಯ ಜೋಡಣೆಯ ಲಕ್ಷಣ. ನೀರು ತಣ್ಣಗಿರುವಾಗ ಒತ್ತಡ 1ರಿಂದ 1.5 ಬಾರ್ ಇದ್ದರೆ ಸರಿ. ಅದು 3 ಬಾರ್ ತಲುಪಿದರೆ ಸುರಕ್ಷಾ ವಾಲ್ವ್ ತಾನಾಗಿ ತೆರೆದು ನೀರನ್ನು ಹೊರಬಿಡುತ್ತದೆ. ಈ ವಾಲ್ವ್‌ನ ಪೈಪನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಕೈಯಿಂದ ಮುಟ್ಟಿದರೆ ತಿಳಿಯುತ್ತದೆ

ರೇಡಿಯೇಟರ್‌ನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಸಣ್ಣ ಕೀಲಿಯಿಂದ ಅದನ್ನು ಹೊರಬಿಡಬಹುದು. ಕೆಳಭಾಗ ತಣ್ಣಗಿದ್ದರೆ ತುಕ್ಕಿನ ಕಪ್ಪು ಕೆಸರು ತುಂಬಿರುವ ಸಂಭವ ಹೆಚ್ಚು. ಹಳೆಯ ಪೈಪುಗಳನ್ನು ತೊಳೆಯದೆ ಹೊಸ ಬಾಯ್ಲರ್ ಕೂರಿಸಿದರೆ ಈ ಕೆಸರು ಹೊಸ ಯಂತ್ರವನ್ನೂ ಹಾಳುಗೆಡವುತ್ತದೆ. ತೊಳೆದ ನಂತರ ತುಕ್ಕು ತಡೆಯುವ ರಾಸಾಯನಿಕ ಬೆರೆಸಿ, ಆಯಸ್ಕಾಂತದ ಫಿಲ್ಟರ್ ಅಳವಡಿಸುವುದು ಅಗತ್ಯ. ಕೂಲಿ ಉಳಿಸಲು ಈ ಕೆಲಸವನ್ನು ಕೈಬಿಡುವುದು ದುಬಾರಿಯ ಉಳಿತಾಯ.

ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು ಬಹುತೇಕ ಕಂಡೆನ್ಸಿಂಗ್ ಮಾದರಿಯವು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಇವು ಬಳಸಿಕೊಳ್ಳುತ್ತವೆ. ಆದರೆ ಮರಳಿ ಬರುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಾತ್ರ ಈ ಲಾಭ ದೊರೆಯುತ್ತದೆ. ಚಳಿಯೆಂದು ಬಾಯ್ಲರನ್ನು 80 ಡಿಗ್ರಿಗೆ ಏರಿಸಿಟ್ಟರೆ ಬಿಲ್ಲು ಏರುತ್ತದೆಯೇ ಹೊರತು ಯಂತ್ರದ ಪೂರ್ಣ ಲಾಭ ಸಿಗದು. ಆದರೆ ಸ್ನಾನದ ಬಿಸಿನೀರನ್ನು ಪ್ರತ್ಯೇಕ ಟ್ಯಾಂಕಿನಲ್ಲಿ ಸಂಗ್ರಹಿಸುವ ಮನೆಗಳಲ್ಲಿ ಆ ಟ್ಯಾಂಕಿನ ನೀರು 60 ಡಿಗ್ರಿಗೆ ಕಾಯಲೇಬೇಕು. ಇಲ್ಲವಾದರೆ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುವ ಭಯವಿದೆ.

ಕಣ್ಣಿಗೆ ಕಾಣದ ಶತ್ರು

ಎಲ್ಲಕ್ಕಿಂತ ಗಂಭೀರವಾದುದು ಹೊಗೆ ಪೈಪಿನ ವಿಚಾರ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಸ್ನಾನಗೃಹದ ಗ್ಯಾಸ್ ಗೀಸರ್‌ನಿಂದ ಮುಂಬಯಿಯಲ್ಲೂ ಸಾವುಗಳು ಸಂಭವಿಸಿವೆ. ಅಲ್ಲಿಯೂ ಕೊಲ್ಲುವುದು ಇದೇ ಅನಿಲ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ಪ್ರಯಾಣದ ಆಯಾಸ, ಶೀತ ಎಂದು ಹಿರಿಯರು ಮಲಗಿಬಿಡುವುದೇ ಅಪಾಯ. ಹೊರಗೆ ಹೋದಾಗ ತಲೆನೋವು ಇಳಿದು, ಮನೆಗೆ ಬಂದೊಡನೆ ಮರುಕಳಿಸಿದರೆ ಎಚ್ಚರವಾಗಬೇಕು. ಕೂಡಲೇ ಬಾಯ್ಲರ್ ಆರಿಸಿ, ಕಿಟಕಿ-ಬಾಗಿಲು ತೆರೆದು, ಹೊರಬಂದು, ಅಲ್ಲಿನ ಗ್ಯಾಸ್ ತುರ್ತು ಸಂಖ್ಯೆ 0800 111 999ಕ್ಕೆ ಕರೆ ಮಾಡಬೇಕು. ಲಕ್ಷಣಗಳಿದ್ದವರು ವೈದ್ಯರನ್ನೂ ಕಾಣಬೇಕು.

ಅಲ್ಲಿ ಗ್ಯಾಸ್ ಕೆಲಸ ಮಾಡುವವರು 2009ರಲ್ಲಿ ಆರಂಭವಾದ 'ಗ್ಯಾಸ್ ಸೇಫ್ ರಿಜಿಸ್ಟರ್'ನಲ್ಲಿ ನೋಂದಾಯಿತರಾಗಿರಬೇಕೆಂಬುದು ಕಾನೂನು. ಅವರ ಗುರುತುಚೀಟಿಯ ಹಿಂಬದಿಯಲ್ಲಿ ಯಾವ ಕೆಲಸಕ್ಕೆ ಅರ್ಹರು ಎಂಬುದು ನಮೂದಾಗಿರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರು ತಾವು ಒದಗಿಸಿದ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಬಾಡಿಗೆದಾರರಿಗೆ ಪ್ರತಿ ನೀಡಬೇಕು. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇರುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯವಾಗಿದೆ. ಸ್ವಂತ ಮನೆಯವರೂ ಇದನ್ನು ಹಾಕಿಸಿಕೊಳ್ಳುವುದು ಲೇಸು.

ವಿದೇಶಕ್ಕೆ ಹೊರಟ ಸದಸ್ಯರನ್ನು ಹೂಗುಚ್ಛ ನೀಡಿ ಬೀಳ್ಕೊಡುವ ಸಂಪ್ರದಾಯ ನಮ್ಮ ಸಂಘ-ಸಂಸ್ಥೆಗಳಲ್ಲಿದೆ. ಆ ಸಂದರ್ಭದಲ್ಲಿ ಈ ನಾಲ್ಕು ಮಾತುಗಳನ್ನೂ ತಿಳಿಸಿದರೆ ಹಿರಿಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಕ್ಕಳಿಗೆ ಫೋನ್ ಮಾಡಿದಾಗ "ಅಲ್ಲಿ ಚಳಿ ಹೇಗಿದೆ ಮಗಾ?" ಎಂದು ಕೇಳುವುದರ ಜೊತೆಗೆ "ಈ ವರ್ಷ ಬಾಯ್ಲರ್ ತಪಾಸಣೆ ಆಯಿತೇ?" ಎಂದೂ ಕೇಳುವುದು ಒಳಿತು.