ಒಂದು ಗಂಟೆಯ ಓಟ, ಇಪ್ಪತ್ತು ವರ್ಷದ ಹುಲ್ಲು

ಸತ್ಯಮಂಗಲದಿಂದ ಹೊರಟು ಬಣ್ಣಾರಿ ಅಮ್ಮನ ಗುಡಿ ದಾಟಿ ಬಸ್ಸು ಘಟ್ಟ ಹತ್ತಲು ಶುರು ಮಾಡಿದರೆ ದಿಂಬಂ ಮುಟ್ಟುವಷ್ಟರಲ್ಲಿ 27 ಹೇರ್‌ಪಿನ್ ತಿರುವು. ತಿರುವಿಗೊಂದು ಫಲಕ: 1/27, 2/27, 3/27. ತಾಳವಾಡಿ ಕಡೆಯ ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ಎಣಿಸುತ್ತಾ ಬರುತ್ತಾರೆ. ಈ ಸಲ ನಾನೂ ಎಣಿಸಿದೆ, ಮನಸ್ಸಿನಲ್ಲಿ ರೇಸಿನ ಕುದುರೆಯೊಂದನ್ನು ಇಟ್ಟುಕೊಂಡು. ಚೆನ್ನಾಗಿ ಸಾಕಿದ ಕುದುರೆ 25ರಿಂದ 30 ವರ್ಷ ಬದುಕುತ್ತದೆ. 27 ಅಂತ ಹಿಡಿದರೆ ತಿರುವಿಗೊಂದು ವರ್ಷ.

ಮೊದಲ ತಿರುವಿನಲ್ಲಿ ಅದು ತಾಯಿಯ ಪಕ್ಕದ ಮರಿ. ಎರಡನೆಯದರಲ್ಲಿ ಮಾರಾಟವಾಗಿ, ಬೆನ್ನಿಗೆ ಜೀನು ಬಿದ್ದು, ಪಳಗುವ ಕಾಲ. ಮೂರರಲ್ಲಿ ಓಟ. ನಾಲ್ಕನೆಯದು ಅದರ ಹೊಳೆಯುವ ವಯಸ್ಸು. ಮುಂಬಯಿಯ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳ ಪಂದ್ಯ. ಏಳನೆಯ ತಿರುವಿಗೆ ಬಂದಾಗ ಹೆಚ್ಚಿನವುಗಳ ರೇಸು ಮುಗಿದಿರುತ್ತದೆ. ಕಾಲಿನ ನರ ಹಿಡಿದುಕೊಳ್ಳುತ್ತದೆ, ಇಲ್ಲವೇ ಗೆಲುವು ನಿಂತುಹೋಗುತ್ತದೆ. ಬಸ್ಸು 7/27 ದಾಟಿದಾಗ ತಲೆ ಹೊರಹಾಕಿ ನೋಡಿದೆ. ಕೆಳಗಿನ ಬಯಲು ಇನ್ನೂ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಘಟ್ಟವೆಲ್ಲ ಮುಂದೆ ಉಳಿದಿತ್ತು, ಇಪ್ಪತ್ತು ತಿರುವು.

ಆ ಮೊದಲ ಏಳು ವರ್ಷಗಳಲ್ಲಿ ಅದು ನಿಜವಾಗಿ ಓಡಿದ್ದೆಷ್ಟು? ಧಾರಾಳವಾಗಿಯೇ ಲೆಕ್ಕ ಹಾಕೋಣ. ಐದು ವರ್ಷ, ವರ್ಷಕ್ಕೆ ಎಂಟು ಪಂದ್ಯ, ಒಟ್ಟು 40. ಒಂದೊಂದು ಪಂದ್ಯ ಸುಮಾರು 1,500 ಮೀಟರು, ಮುಗಿಯಲು ಒಂದೂವರೆ ನಿಮಿಷ. 40 ಪಂದ್ಯಕ್ಕೆ 60 ನಿಮಿಷ, 60 ಕಿಲೋಮೀಟರು. ಇಡೀ ಜೀವಮಾನದ ಪಂದ್ಯವೆಲ್ಲ ಸೇರಿ ಒಂದೇ ಒಂದು ಗಂಟೆ! ಸತ್ಯಮಂಗಲದಿಂದ ಹೊರಟರೆ ಚಾಮರಾಜನಗರ ಮುಟ್ಟುವ ಮೊದಲೇ ಮುಗಿದುಹೋಗುವ ದಾರಿ. ಈ ಲೆಕ್ಕವನ್ನು ಮೂರು ಸಲ ತಾಳೆ ನೋಡಿದೆ, ನನಗೇ ನಂಬಿಕೆ ಬರಲಿಲ್ಲ.

ಆ ಒಂದು ಗಂಟೆಯಲ್ಲಿ ಆ ಮೈ ಪಡುವ ಪಾಡು ಮಾತ್ರ ಸಣ್ಣದಲ್ಲ. ಲಾಯದಲ್ಲಿ ನಿಂತಾಗ ನಿಮಿಷಕ್ಕೆ 30-40 ಸಲ ಬಡಿಯುವ ಗುಂಡಿಗೆ ಓಟದಲ್ಲಿ 220 ದಾಟುತ್ತದೆ. ಆ ಗುಂಡಿಗೆಯ ತೂಕವೇ ನಾಲ್ಕೈದು ಕಿಲೋ. ನಮ್ಮದು 300 ಗ್ರಾಂ ಆಸುಪಾಸು. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಮೈ ಒಮ್ಮೆಲೇ ನೆತ್ತರಿಗೆ ಸುರಿದುಕೊಳ್ಳುತ್ತದೆ. ಪೂರಾ ವೇಗದಲ್ಲಿರುವಾಗ ಹೆಜ್ಜೆಗೊಂದು ಉಸಿರು, ಹೆಚ್ಚಿಲ್ಲ, ಕಡಿಮೆಯಿಲ್ಲ. 450 ಕಿಲೋ ಮೈಯ ಎರಡು ಪಟ್ಟಿಗೂ ಹೆಚ್ಚಿನ ಭಾರ ಒಂದು ಗಳಿಗೆ ಒಂದೇ ಕಾಲಿನ ಮೇಲೆ ಬೀಳುತ್ತದೆ. ಹೀಗೆ ಒಂದು ಗಂಟೆಗಾಗಿ ಮುನ್ನೂರು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ ಈ ಥರೋಬ್ರೆಡ್. ಇವತ್ತಿನ ಥರೋಬ್ರೆಡ್ ಗಂಡುಗಳಲ್ಲಿ ಸುಮಾರು ಶೇ 95ರ ತಂದೆಯ ಕಡೆಯ ವಂಶ ಡಾರ್ಲಿ ಅರೇಬಿಯನ್ ಎಂಬ ಒಂದೇ ಕುದುರೆಗೆ ಹೋಗಿ ಮುಟ್ಟುತ್ತದೆ.

ಗಂಟೆ ಮುಗಿಯಿತು. ಇನ್ನು ಇಪ್ಪತ್ತು ವರ್ಷ, ಅಂದರೆ 7,300 ದಿನ.

ದಿನಕ್ಕೆ ಹತ್ತು ಕಿಲೋ ಒಣಮೇವು ಅಂತ ಹಿಡಿಯಿರಿ. ಇಪ್ಪತ್ತು ವರ್ಷಕ್ಕೆ 73 ಟನ್. ಹತ್ತು ಟನ್ ಹೊರುವ ಲಾರಿಗೆ ತುಂಬಿದರೆ ಏಳು ಲಾರಿ ಈ ಘಟ್ಟ ಹತ್ತಬೇಕು, ಆಮೇಲೂ ಮೂರು ಟನ್ ಬಣ್ಣಾರಿಯಲ್ಲೇ ಉಳಿಯುತ್ತದೆ. ಅದು ಒಂದೇ ಕುದುರೆಯ ಮೇವು. ನೀರು ದಿನಕ್ಕೆ 30 ಲೀಟರಿನಂತೆ 2 ಲಕ್ಷ 19 ಸಾವಿರ ಲೀಟರು. ಗೊರಸು ಬೆಳೆಯುವುದು ನಿಲ್ಲುವುದಿಲ್ಲ. ಆರು ವಾರಕ್ಕೊಮ್ಮೆ ಸವರಬೇಕು. ಇಪ್ಪತ್ತು ವರ್ಷಕ್ಕೆ 173 ಸಲ, ನಾಲ್ಕು ಕಾಲಿನಂತೆ 692 ಗೊರಸು. ಲದ್ದಿ ದಿನಕ್ಕೆ 20 ಕಿಲೋ ಹಿಡಿದರೆ 146 ಟನ್. ದೀಪಾವಳಿ ಮುಗಿದ ಮೇಲೆ ತಾಳವಾಡಿಯ ಗುಮಟಾಪುರದಲ್ಲಿ ಗೊರೆಹಬ್ಬಕ್ಕೆ ಊರ ಸಗಣಿಯನ್ನೆಲ್ಲ ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕುವುದನ್ನು ನೋಡಿದವರಿಗೆ, ಸಗಣಿಯನ್ನು ಸಂಪತ್ತು ಅಂತ ಕರೆಯುವುದು ಬರೀ ಮಾತಲ್ಲ ಅಂತ ಗೊತ್ತು. ಈ ಸೀಮೆಯ ಅರಿಶಿನಕ್ಕೂ ಕೋಸಿಗೂ ಗೊಬ್ಬರ ಬೇಕೇಬೇಕು. ಮುದಿ ಕುದುರೆ ಬರೀ ತಿಂದು ಕೂರುವ ಪ್ರಾಣಿಯಲ್ಲ.

ಈಗ ಹಣಕ್ಕೆ ಬರುತ್ತೇನೆ. ಹುಲ್ಲು, ಬೂಸಾ, ಹುರುಳಿ, ಲಾಯದ ಆಳಿನ ಕೂಲಿಯಲ್ಲಿ ಪಾಲು, ಮದ್ದು, ಗೊರಸಿನ ಕೆಲಸ, ಎಲ್ಲಾ ಸೇರಿಸಿ ನಾನು ಹಾಕಿಕೊಂಡ ಲೆಕ್ಕ ದಿನಕ್ಕೆ 500 ರೂಪಾಯಿ. ಕೈಬಿಗಿ ಹಿಡಿದು ಸಾಕಿದರೆ ಇಷ್ಟು. ವರ್ಷಕ್ಕೆ 1 ಲಕ್ಷ 82 ಸಾವಿರದ 500, ಇಪ್ಪತ್ತು ವರ್ಷಕ್ಕೆ 36 ಲಕ್ಷ 50 ಸಾವಿರ. ಇನ್ನು ದೇಶದಲ್ಲಿ ವರ್ಷಕ್ಕೆ ಸಾವಿರ ರೇಸ್ ಮರಿ ಹುಟ್ಟುತ್ತವೆ, ಎಲ್ಲವೂ ತಮ್ಮ ಆಯಸ್ಸು ಪೂರೈಸುತ್ತವೆ ಅಂತ ಒಂದು ಕ್ಷಣ ಊಹಿಸಿಕೊಳ್ಳಿ. ಆಗ ಯಾವ ಹೊತ್ತಿನಲ್ಲಿ ಎಣಿಸಿದರೂ ಓಟ ಮುಗಿಸಿದ 20 ಸಾವಿರ ಕುದುರೆ ನಮ್ಮ ನಡುವೆ ಇರಬೇಕು. 20 ಸಾವಿರವನ್ನು 500ರಿಂದ ಗುಣಿಸಿ. ದಿನಕ್ಕೆ ಒಂದು ಕೋಟಿ ರೂಪಾಯಿ!

ಒಂದು ಕೋಟಿ ಅಂದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಇದೇ ಘಟ್ಟದ ನೆತ್ತಿಯಿಂದ ಪಶ್ಚಿಮಕ್ಕೆ, ಮೋಯಾರ್ ಕಣಿವೆಯ ಆಚೆ ನೀಲಗಿರಿಯ ಕಡೆ ನೋಡಿ. ಊಟಿಯಲ್ಲಿ 52 ಎಕರೆಯ ರೇಸ್ ಕೋರ್ಸ್ ಇತ್ತು. ಗುತ್ತಿಗೆ ಬಾಕಿ 822 ಕೋಟಿ ರೂಪಾಯಿ ಆಗಿದೆ ಎಂದು ಹೇಳಿ ತಮಿಳುನಾಡು ಸರ್ಕಾರ 2024ರಲ್ಲಿ ಆ ಜಾಗವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಒಂದು ಬೆಟ್ಟದೂರಿನ ಒಂದು ಮೈದಾನದ ಬಾಡಿಗೆ ಅದು. ಕುದುರೆಯ ಲೆಕ್ಕಕ್ಕೆ ತಿರುಗಿಸಿದರೆ 20 ಸಾವಿರ ಮುದಿ ಕುದುರೆಗಳ 822 ದಿನದ ಹೊಟ್ಟೆ. ನೆಲ ಯಾರದ್ದು, ಬಾಕಿ ಎಷ್ಟು ಎಂದು ವಾದ ಮಾಡಲು ಎರಡೂ ಕಡೆ ವಕೀಲರಿದ್ದರು. ಆ ಮೈದಾನದಲ್ಲಿ ಓಡಿದವುಗಳ ಮುಪ್ಪಿನ ಬಾಕಿ ಯಾರ ಪುಸ್ತಕದಲ್ಲೂ ಬರಲಿಲ್ಲ ಎನ್ನುವುದು ನನಗೆ ನೋವಿನ ವಿಷಯ.

ಎಣಿಸದೆ ಇದ್ದರೆ ಹೀಗೇ ಆಗುತ್ತದೆ. 2019ರ ಜಾನುವಾರು ಗಣತಿಯಲ್ಲಿ ಇಡೀ ಭಾರತದ ಕುದುರೆ, ತಟ್ಟುಗಳೆಲ್ಲ ಸೇರಿ 3.4 ಲಕ್ಷ, 2012ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ರೇಸಿನಿಂದ ನಿವೃತ್ತವಾದವುಗಳಿಗೆ ಅದರಲ್ಲಿ ಬೇರೆ ಕಾಲಂ ಇಲ್ಲ. ಎಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ದಿಂಬಂ ರಸ್ತೆಯೇ. 1,408 ಚದರ ಕಿಲೋಮೀಟರಿನ ಸತ್ಯಮಂಗಲ ಹುಲಿ ಕಾಡನ್ನು ಸೀಳಿ ಹೋಗುವ ಈ ಹೆದ್ದಾರಿಯಲ್ಲಿ ಹತ್ತು ವರ್ಷದಲ್ಲಿ ನೂರೈವತ್ತಕ್ಕೂ ಹೆಚ್ಚು ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸತ್ತ ಲೆಕ್ಕ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. 2022ರ ಫೆಬ್ರವರಿ 10ರಿಂದ ಸಂಜೆ 6ರ ಮೇಲೆ ಸರಕು ಲಾರಿಗಳು ನಿಂತವು. ಪ್ರತಿ ಸಾವನ್ನೂ ಯಾರೋ ಬರೆದಿಟ್ಟಿದ್ದರಿಂದ ಅದು ಆಯಿತು.

ಬರೆದಿಡದ ಕುದುರೆಗಳು ಎಲ್ಲಿಗೆ ಹೋಗುತ್ತವೆ? ಕೆಲವು ತಳಿ ಸಾಕಣೆಗೆ, ಕೆಲವು ಸವಾರಿ ಶಾಲೆಗೆ, ಅಶ್ವದಳಕ್ಕೆ. ಕೆಲವು ಕೈಯಿಂದ ಕೈಗೆ ದಾಟಿ ಮದುವೆ ಮೆರವಣಿಗೆಗೆ, ಗಾಡಿಗೆ. 2025ರಲ್ಲಿ ಹೈದರಾಬಾದಿನಿಂದ ಜಬಲ್ಪುರದ ಹತ್ತಿರದ ಹಳ್ಳಿಯೊಂದಕ್ಕೆ 57 ಕುದುರೆಗಳನ್ನು ಲಾರಿಯಲ್ಲಿ ಸಾಗಿಸಿದರು. ಕೆಲವೇ ದಿನಗಳಲ್ಲಿ ಎಂಟು ಸತ್ತವು.

ಇನ್ನು ಕೆಲವು ಹಾವಿನ ಔಷಧ ತಯಾರಿಸುವ ಲಾಯ ಸೇರುತ್ತವೆ. ಇದನ್ನು ತಾಳವಾಡಿಯ ರೈತರು ಕೇಳಲೇಬೇಕು. ಕುದುರೆಗೆ ಚೂರುಚೂರೇ ವಿಷ ಕೊಟ್ಟು, ಅದರ ನೆತ್ತರಿನಲ್ಲಿ ಹುಟ್ಟಿದ ಪ್ರತಿವಿಷವನ್ನು ತೆಗೆದು, ಶುದ್ಧ ಮಾಡಿ ಬಾಟಲಿಗೆ ತುಂಬುತ್ತಾರೆ. ವಿಷ ಬರುವುದು ಬಹುಪಾಲು ಇರುಳ ಬುಡಕಟ್ಟಿನವರು ಹಿಡಿದ ಹಾವುಗಳಿಂದ. 1978ರಲ್ಲಿ ಹುಟ್ಟಿದ, ಚೆನ್ನೈ ಹತ್ತಿರದ ಅವರ ಸಹಕಾರ ಸಂಘ ಈ ಕೆಲಸ ಮಾಡುತ್ತಿದೆ. ಕೊಳಕುಮಂಡಲ ಒಮ್ಮೆ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ. ಒಂದು ಬಾಟಲಿ ಔಷಧ ತಟಸ್ಥ ಮಾಡುವುದು 6 ಮಿಲಿಗ್ರಾಂ. ಆದ್ದರಿಂದ ಮೊದಲ ಸುತ್ತಿಗೇ ಎಂಟು ಹತ್ತು ಬಾಟಲಿ ಬೇಕು. ಈ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆ. ಬದುಕಿ ಮನೆಗೆ ಮರಳಿದವರ ಮೈಯಲ್ಲಿ ಹರಿದದ್ದು ಕುದುರೆಯ ಋಣ. ಅರಿಶಿನದ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ಹೆಂಗಸು ರೇಸಿಗೆ ಒಂದು ಪೈಸೆ ಕಟ್ಟಿದವಳಲ್ಲ. ಆದರೂ ಅವಳಿಗೂ ಕುದುರೆಗೂ ನಂಟಿದೆ.

ಮೋಯಾರ್ ಸೀಮೆಯ ಮೇಲುತುದಿಯಲ್ಲಿ, ಮಸಿನಗುಡಿ ಬಳಿಯ ಮಾವನಹಳ್ಳದಲ್ಲಿ, ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್ ಎಂಬ ಸಂಸ್ಥೆ ದಿಕ್ಕಿಲ್ಲದ ಕುದುರೆ, ಕತ್ತೆಗಳನ್ನು ಸಾಕುತ್ತದೆ. ಅಂಥ ಆಶ್ರಯಗಳು ನಡೆಯುವುದು ದಾನದಿಂದ. ದಾನಿಗಳಿಗೆ ನಾನು ಕೈಮುಗಿಯುತ್ತೇನೆ. ಆದರೆ ದಿನಕ್ಕೆ ಕೋಟಿಯ ಲೆಕ್ಕವನ್ನು ದಾನದ ಹುಂಡಿಗೆ ಬಿಡುವುದು ತಪ್ಪು. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ಗೆದ್ದ ಬಹುಮಾನದಲ್ಲಿ ಶೇ 0.3 ಮುರಿದುಕೊಂಡು ನಿವೃತ್ತ ಕುದುರೆಗಳಿಗೆ ಇಡುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಹುಮಾನದ ಶೇ 1 ಕುದುರೆಗಳ ಕ್ಷೇಮಕ್ಕೆ. ನಮ್ಮಲ್ಲೂ ಹಾಗೆ ಮಾಡಿದರೆ? ಒಂದು ಕೋಟಿ ಬಹುಮಾನಕ್ಕೆ ಶೇ 1 ಎಂದರೆ ಒಂದು ಲಕ್ಷ, ಒಂದು ಕುದುರೆಯ 200 ದಿನ. ಬೇಕು, ಆದರೆ ಸಾಲದು. ದೊಡ್ಡ ಹಣ ಇರುವುದು ಬಾಜಿಯ ಕಿಟಕಿಯಲ್ಲಿ. ಬಾಜಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28 ಇದ್ದದ್ದು ಶೇ 40 ಆಗಿದೆ. ಏರಿದ ಆ ಹನ್ನೆರಡು ರೂಪಾಯಿಯಲ್ಲಿ ಒಂದನ್ನಾದರೂ ಓಡಿದ ಪ್ರಾಣಿಗೆ ಮರಳಿಸಬೇಕೆಂದು ಕೇಳುವುದು ಅತಿಯಾಸೆಯೇ? ಕುದುರೆ ಕೊಳ್ಳುವವರಿಗೂ ಮೊದಲ ದಿನವೇ ಹೇಳಬೇಕಾದ ಲೆಕ್ಕ ಒಂದಿದೆ: ಐದು ವರ್ಷದ ರೇಸು, ಇಪ್ಪತ್ತು ವರ್ಷದ ವಿಶ್ರಾಂತಿ. ಲಾಯದಲ್ಲಿ ತಯಾರಾಗುವ ಪ್ರತಿ ದಿನವೂ ಅದು ಮುಂದಿನ ನಾಲ್ಕು ದಿನದ ಹುಲ್ಲನ್ನು ಸಂಪಾದಿಸಿಟ್ಟುಕೊಳ್ಳಬೇಕು.

ಮೈಸೂರಿನ ಹೊರಗೆ ಒಂದು ತೋಟದಲ್ಲಿ ಅಂಥದೊಂದು ಮುದಿ ಹೆಣ್ಣುಕುದುರೆಯನ್ನು ನೋಡಿದ್ದೆ. ಅದು ನಿಂತ ಜಾಗದ ಸುತ್ತ ನೆಲದ ಮೇಲೆ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿದ್ದವು, ನಿಂಬೆಹಣ್ಣಿನ ಗಾತ್ರದವು. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಂತೆ ಮೇಲೆ ಬರುತ್ತಾ ಸವೆಯುತ್ತದೆ. ಮುಪ್ಪಿನಲ್ಲಿ ಬೇರು ಮುಗಿದು ಅಗಿಯಲು ಏನೂ ಉಳಿದಿರುವುದಿಲ್ಲ. ಅಗಿದು ಅಗಿದು ನುಂಗಲಾರದೆ ಉಗುಳಿದ ಉಂಡೆಗಳು ಅವು. ನೋಡಿಕೊಳ್ಳುವ ಹಿರಿಯರು ಒಂದು ಉಂಡೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು: "ನೋಡಿ ಸಾ, ಹಲ್ಲೆಲ್ಲ ಸವ್ದೋಗವೆ. ಆಸೆ ಮಾತ್ರ ಹೋಗಿಲ್ಲ." ಆಮೇಲೆ ಬೂಸಾವನ್ನು ಬಿಸಿನೀರಲ್ಲಿ ನೆನೆಸಿ, ಚೂರು ಬೆಲ್ಲ ಹಾಕಿ, ಮೊಣಕೈವರೆಗೆ ಕೈ ಇಳಿಸಿ ಗಂಟು ಒಡೆದು, ಬಕೆಟ್ಟನ್ನು ಅದರ ಮೂತಿಗೆ ಹಿಡಿದರು. ದಿನಕ್ಕೆ ಮೂರು ಸಲ ಹಾಗೆ ಕೊಡಬೇಕಂತೆ. ವರ್ಷಕ್ಕೆ 1,095 ಬಕೆಟ್ಟು. ಅದು ಬಕೆಟ್ಟಿನ ತಳದವರೆಗೂ ನೆಕ್ಕಿ, ಮೂತಿಯನ್ನು ಅವರ ಭುಜಕ್ಕೆ ಒರಸಿಕೊಂಡಿತು.