ಕೋಣೆಯೊಳಗೊಂದು ಕಣಿವೆ

ಹಳೆಯ ಮನೆಯೊಂದರ ಹುಲ್ಲುಮಾಡನ್ನು ಕಿತ್ತೊಗೆದು ಆಸ್ಬೆಸ್ಟಾಸ್ ಹಂಚು ಹೊದಿಸುತ್ತಿದ್ದರು. ಊರವರಿಗೆ ಅದರಲ್ಲಿ ವಿಶೇಷವೇನೂ ತೋರಲಿಲ್ಲ. ಹುಲ್ಲು ಸೋರುತ್ತದೆ, ಕಿಡಿ ತಾಗಿದರೆ ಉರಿದುಹೋಗುತ್ತದೆ. ಹಂಚಾದರೆ ಆ ಚಿಂತೆಯಿಲ್ಲ. ಆದರೆ ಅದನ್ನು ನೋಡಿದ ಪರದೇಶದ ತರುಣನೊಬ್ಬನಿಗೆ ಮಾತ್ರ ಕರುಳು ಹಿಂಡಿದಂತಾಯಿತು.

ಆತನ ಹೆಸರು ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡಾದರೂ ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ. 1925ರಲ್ಲಿ ಹಡಗೇರಿ ಇಂಗ್ಲೆಂಡಿಗೆ ಬಂದಾಗ ಆತನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಗ್ರೇಟ್ ವೆಸ್ಟರ್ನ್ ರೈಲ್ವೆಯೆಂದರೆ ಆತನಿಗೆ ಪಂಚಪ್ರಾಣ. ಆ ಕಂಪನಿಯ ಎಂಜಿನುಗಳು ತಯಾರಾಗುತ್ತಿದ್ದ ಸ್ವಿಂಡನ್ ಪಟ್ಟಣದ ಬಳಿ, ವಾನ್‌ಬರೋ ಎಂಬ ಗ್ರಾಮದಲ್ಲಿ ಬಿಡಾರ ಹೂಡಿದನು. ಬಂದದ್ದು ರೈಲು ನೋಡಲು. ಮನಸ್ಸು ಸೋತದ್ದು ಹಳ್ಳಿಗಳಿಗೆ. ಬೆಟ್ಟದ ಹುಲ್ಲು ಕೆತ್ತಿ ಬಿಳಿಯ ಸುಣ್ಣಕಲ್ಲಿನಲ್ಲಿ ಮೂಡಿಸಿದ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯ ಕುದುರೆಯ ಚಿತ್ರವೊಂದು ಆ ಸೀಮೆಯಲ್ಲಿದೆ. ಅದರಿಂದಲೇ ಆ ಬಯಲಿಗೆ ‘ಬಿಳಿ ಕುದುರೆಯ ಕಣಿವೆ’ ಎಂಬ ಹೆಸರು. ಅಲ್ಲಿನ ಮನೆಗಳು ಒಂದೊಂದಾಗಿ ರೂಪಗೆಡುತ್ತಿದ್ದವು. ತಡೆಯುವ ಶಕ್ತಿ ಆತನಿಗಿರಲಿಲ್ಲ. ಆದರೆ ಅಳೆಯಬಹುದಿತ್ತು, ಚಿತ್ರ ತೆಗೆಯಬಹುದಿತ್ತು, ಗೋಡೆಯ ಬಣ್ಣವನ್ನು ಗುರುತು ಹಾಕಿಕೊಳ್ಳಬಹುದಿತ್ತು. ಆಮೇಲೆ ಅದೇ ಮನೆಯನ್ನು ರಟ್ಟಿನಲ್ಲಿ ಕಟ್ಟಬಹುದಿತ್ತು.

ಆಟಿಕೆಯ ರೈಲೆಂದರೆ ಮಕ್ಕಳ ವಸ್ತುವೆಂದು ತಿಳಿಯುವವರೇ ಹೆಚ್ಚು. ಆ ಕಾಲದಲ್ಲಿ ದೊಡ್ಡವರು ಅದನ್ನು ಕಟ್ಟಿದರೂ ಅವರ ಗಮನವೆಲ್ಲ ಎಂಜಿನಿನ ಮೇಲೆ, ಹಳಿಯ ಮೇಲೆ. ಸುತ್ತಣ ನೋಟವೆಂಬುದು ಗೋಡೆಗೆ ಅಂಟಿಸಿದ ಬಣ್ಣದ ಪಟದಲ್ಲಿ ಮುಗಿಯುತ್ತಿತ್ತು. ಈ ಪದ್ಧತಿಯನ್ನು ಬದಲಿಸಿದವರಲ್ಲಿ ಮೊದಲಿಗನೆಂದರೆ ಜಾನ್ ಅಹರ್ನ್. 1930ರ ದಶಕದ ಕೊನೆಯಲ್ಲಿ ಆತ ತನ್ನ ಮನೆಯಲ್ಲೇ ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪನೆಯ ಕಣಿವೆಯೊಂದನ್ನು ನಿರ್ಮಿಸತೊಡಗಿದನು. ಅದಕ್ಕೊಂದು ಬಂದರು, ಬಂದರಿಗೊಂದು ಹೆಸರು, ಗುಡ್ಡ, ಹೊಳೆ, ಅಂಗಡಿಬೀದಿ. ಇವೆಲ್ಲದರ ನಡುವೆ ಬಡಪಾಯಿ ಪುಟ್ಟ ರೈಲು. ಮೊದಲು ಊರು, ಆ ಊರಿಗೆ ಬೇಕಾದದ್ದರಿಂದ ರೈಲು, ಎಂಬುದು ಆತನ ಕ್ರಮ. ತಾನು ಕಲಿತದ್ದನ್ನು ಆತ ಬಚ್ಚಿಡಲಿಲ್ಲ. ಪುಟ್ಟ ಕಟ್ಟಡಗಳನ್ನೂ ಪುಟ್ಟ ಭೂದೃಶ್ಯವನ್ನೂ ಕಟ್ಟುವ ಬಗೆಯನ್ನು ಕುರಿತು ಪುಸ್ತಕಗಳನ್ನೇ ಬರೆದನು.

ಇದರಲ್ಲಿ ಮೊದಲು ಎದುರಾಗುವುದು ಲೆಕ್ಕ. ಬ್ರಿಟನ್ನಿನಲ್ಲಿ ರೂಢಿಯಾದ ಅಳತೆಯಲ್ಲಿ ನಿಜವಾದ ಒಂದು ಅಡಿಗೆ ನಾಲ್ಕು ಮಿಲಿಮೀಟರು, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಆರಡಿಯ ಆಳು 24 ಮಿಲಿಮೀಟರಿಗೆ ಇಳಿಯುತ್ತಾನೆ. ಒಂಬತ್ತು ಅಂಗುಲದ ಇಟ್ಟಿಗೆಯ ಉದ್ದ ಮೂರು ಮಿಲಿಮೀಟರು, ದಪ್ಪ ಒಂದೇ ಮಿಲಿಮೀಟರು. ಇಷ್ಟು ಕುಗ್ಗಿಸಿದರೂ ಒಂದು ಮೈಲಿ ದಾರಿಗೆ 21 ಮೀಟರು ಜಾಗ ಬೇಕು! ಹನ್ನೆರಡಡಿ ಉದ್ದದ ಕೋಣೆಯಲ್ಲಿ ಹಿಡಿಸುವುದು ಸುಮಾರು 900 ಅಡಿಯ ನೆಲ ಮಾತ್ರ. ನಿಜವಾದ ಒಂದು ನಿಲ್ದಾಣಕ್ಕೇ ಅದು ಸಾಲದು. ಆದುದರಿಂದ ಕಣ್ಣಿಗೆ ಮಂಕುಬೂದಿ ಎರಚಲೇಬೇಕು. ಹಳಿಯನ್ನು ಗುಡ್ಡದ ಹಿಂದಕ್ಕೆ ತಿರುಗಿಸುತ್ತಾರೆ. ಸೇತುವೆಯ ಆಚೆ ರೈಲು ಮರೆಯಾಗುವಂತೆ ಮಾಡುತ್ತಾರೆ. ಮರಗಳ ಗುಂಪೊಂದನ್ನು ಅಡ್ಡವಿಟ್ಟು ಇಡೀ ಬಯಲು ಒಂದೇ ನೋಟಕ್ಕೆ ಸಿಗದಂತೆ ತಡೆಯುತ್ತಾರೆ. ಕಾಣದೆ ಹೋದ ರೈಲು ಬಹುದೂರ ಹೋಯಿತೆಂದು ನೋಡುವವರು ತಾವಾಗಿಯೇ ನಂಬುತ್ತಾರೆ.

ಗುಡ್ಡ ಕಟ್ಟುವುದು ಮಾತ್ರ ಮನೆಮಂದಿಯೆಲ್ಲ ಕೈಹಾಕಬಹುದಾದ ಕೆಲಸ. ರಟ್ಟಿನ ಪಟ್ಟಿಗಳನ್ನು ಚಾಪೆಯಂತೆ ಹೆಣೆದು ಉಬ್ಬುತಗ್ಗು ಮಾಡಿ, ಗೋಂದಿನಲ್ಲಿ ನೆನೆದ ಹಳೆಯ ವೃತ್ತಪತ್ರಿಕೆಯ ಚೂರುಗಳನ್ನು ಪದರಪದರವಾಗಿ ಅಂಟಿಸಿ, ಒಣಗಿದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿಯುತ್ತಾರೆ. ಅದು ಪೂರ್ತಿ ಗಟ್ಟಿಯಾಗುವ ಮುನ್ನ ಚಾಕುವಿನಿಂದ ಗೀರಿದರೆ ಬಂಡೆ ಮೂಡುತ್ತದೆ. ಹಿಂದೆ ಬಣ್ಣ ಹಾಕಿದ ಗರಗಸದ ಹೊಟ್ಟೇ ಹುಲ್ಲು. ಗ್ಲಿಸರಿನ್‌ನಲ್ಲಿ ನೆನೆಸಿ ಮೆತ್ತಗಾಗಿಸಿದ ಕಲ್ಲುಹೂವಿನ ಜಾತಿಯ ಪಾಚಿಯೇ ಪೊದೆ. ಇಂದು ನೈಲಾನಿನ ಸಣ್ಣ ಎಳೆಗಳನ್ನು ವಿದ್ಯುತ್ತಿನ ಸೆಳೆತದಿಂದ ಗೋಂದಿನ ಮೇಲೆ ನೆಟ್ಟಗೆ ನಿಲ್ಲಿಸುವ ಉಪಕರಣ ಬಂದಿದೆ. ಆದರೂ ತೆಂಗಿನ ನಾರಿಗೆ ಕೊರತೆಯಿಲ್ಲದ ಮನೆಯಲ್ಲಿ ಒಣಹುಲ್ಲಿಗಾಗಿ ಹಣ ತೆರಬೇಕಾದ ಕಾರಣವಿಲ್ಲ.

ಹಳಿಗಳ ನಡುವೆ ಜಲ್ಲಿ ಹರಡುವುದರಲ್ಲಿ ಒಂದು ಸೂಕ್ಷ್ಮವಿದೆ. ಒಣ ಪುಡಿಗಲ್ಲನ್ನು ಮೊದಲು ಬ್ರಷ್ಷಿನಿಂದ ಸರಿಪಡಿಸಿ, ಆಮೇಲೆ ನೀರು ಬೆರೆಸಿದ ಬಿಳಿಯ ಮರಗೋಂದನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಬರಿಯ ಗೋಂದುನೀರು ಜಲ್ಲಿಯೊಳಕ್ಕೆ ಇಳಿಯದೆ ಮಣಿಯಂತೆ ಮೇಲೆಯೇ ಉರುಳಿ, ಜಲ್ಲಿಯನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಒಂದು ಹನಿ ಸೋಪಿನ ದ್ರವ ಸೇರಿಸಿದರೆ ನೀರಿನ ಮೇಲ್ಮೈಯ ಬಿಗಿತ ಸಡಲಿ ತೆಪ್ಪಗೆ ಒಳಗಿಳಿಯುತ್ತದೆ. ಇದೇ ಬಿಗಿತದ ದೆಸೆಯಿಂದ ಹೊಳೆಯಲ್ಲಿ ನಿಜವಾದ ನೀರು ತುಂಬುವಂತಿಲ್ಲ. ಮನೆಯೂ ಮರವೂ ಕುಗ್ಗಿದರೂ ನೀರಿನ ಹನಿ ಕುಗ್ಗುವುದಿಲ್ಲ. ದಡದಲ್ಲಿ ಅದು ದಪ್ಪ ಅಂಚು ಕಟ್ಟಿಕೊಂಡು ಗುಟ್ಟನ್ನು ರಟ್ಟು ಮಾಡುತ್ತದೆ. ವಾರ್ನಿಷನ್ನು ಪದರಪದರವಾಗಿ ಬಳಿದದ್ದೇ ಹೆಚ್ಚು ನೀರಿನಂತೆ ಕಾಣುತ್ತದೆ.

ಹೊಸಬರು ಎಡವುವುದು ಸಾಮಾನ್ಯವಾಗಿ ಬಣ್ಣದಲ್ಲಿ. ಎರಡಡಿ ದೂರದಿಂದ ಈ ಪುಟ್ಟ ಮನೆಯನ್ನು ನೋಡುವವರು ಲೆಕ್ಕಕ್ಕೆ 152 ಅಡಿ ದೂರ ನಿಂತಂತಾಯಿತು. ಅಷ್ಟು ದೂರದಿಂದ ಯಾವ ಕೆಂಪೂ ಕಡುಗೆಂಪಲ್ಲ, ಯಾವ ಹಸಿರೂ ಗಿಳಿಹಸಿರಲ್ಲ. ಡಬ್ಬಿಯಿಂದ ತೆಗೆದ ಬಣ್ಣವನ್ನು ಹಾಗೆಯೇ ಬಳಿದ ಹಳ್ಳಿ ಎಷ್ಟು ಅಚ್ಚುಕಟ್ಟಾಗಿದ್ದರೂ ಮಿಠಾಯಿ ಅಂಗಡಿಯಂತೆ ಕಾಣುವುದು ಇದರಿಂದಲೇ. ಬೂದು ಬೆರೆಸಿ ಮಂಕುಗೊಳಿಸಿದಾಗಲೇ ಅದಕ್ಕೆ ದೂರವೂ ವಯಸ್ಸೂ ಬರುತ್ತವೆ.

ರಾಯ್ ಇಂಗ್ಲೆಂಡನ ಬಯಕೆ ಕಲ್ಪನೆಯ ಊರಲ್ಲ, ಇದ್ದ ಊರೇ. 1954ರಲ್ಲಿ ಆತ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಪೆಂಡನ್ ಸಂಗ್ರಹಾಲಯವನ್ನು ಆರಂಭಿಸಿದನು. ಆ ವೇಳೆಗೆ ಆತ ಪ್ರೀತಿಸಿದ ಗ್ರೇಟ್ ವೆಸ್ಟರ್ನ್ ಕಂಪನಿಯೂ ಉಳಿದಿರಲಿಲ್ಲ. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರದ ಸ್ವತ್ತಾಗಿದ್ದವು. 1963ರಲ್ಲಿ ಬೀಚಿಂಗ್ ವರದಿ ಹೊರಬಿದ್ದು ಹಳ್ಳಿಗಾಡಿನ ಶಾಖಾಮಾರ್ಗಗಳು ಸಾಲುಸಾಲಾಗಿ ಮುಚ್ಚಿಹೋದವು. ಹೊರಗೆ ಹಳಿ ಕೀಳುತ್ತಿದ್ದಂತೆ ಒಳಗೆ ಹಳಿ ಹಾಸುತ್ತಿದ್ದರು.

ಪೆಂಡನ್ನಿನಲ್ಲಿ ಕೆಲಸ ನಡೆಯುವ ರೀತಿಯನ್ನು ಕಂಡರೆ ಆಮೆಗೂ ಅವಸರವೆನ್ನಿಸೀತು. ರಟ್ಟಿನ ಗೋಡೆಯ ಮೇಲೆ ಒಂದೊಂದು ಇಟ್ಟಿಗೆಯನ್ನೂ ಗೀರಿ, ಒಂದೊಂದಕ್ಕೂ ಬೇರೆಬೇರೆಯಾಗಿ ಜಲವರ್ಣ ತುಂಬುತ್ತಾರೆ. ನಲ್ಲಿ ಕೆಲಸದವರು ಬಳಸುವ ಸೆಣಬಿನ ಎಳೆಯಿಂದ ಹುಲ್ಲುಮಾಡು ಹೊದಿಸುತ್ತಾರೆ. ಹಿತ್ತಿಲ ಹೂವಿನ ಗಿಡಗಳೂ ಕೈಯಿಂದಲೇ ಮಾಡಿದವು. ಇನ್ನೊಂದು ಕೋಣೆಯಲ್ಲಿ ಡಾರ್ಟ್‌ಮೂರಿನ ಬೆಟ್ಟಸೀಮೆ. ಅಲ್ಲಿ ಬ್ರೂನೆಲ್ ಎಂಬ ಹೆಸರಾಂತ ಎಂಜಿನಿಯರನ ಮಾದರಿಯ ಮರದ ಮೇಲುಸೇತುವೆಯೊಂದು ಕಣಿವೆಯನ್ನು ದಾಟುತ್ತದೆ. ಆತ ಕಟ್ಟಿಸಿದ ನಿಜವಾದ ಮರದ ಸೇತುವೆಗಳು ಇಂದು ಇಲ್ಲ. ಅಲ್ಲಲ್ಲಿ ಕಲ್ಲಿನ ಕಂಬಗಳು ಮೊಂಡಾಗಿ ನಿಂತಿವೆ.

ಅಹರ್ನನ ಕಾಲಾನಂತರ ಆತನ ಮ್ಯಾಡರ್ ವ್ಯಾಲಿಯೂ ಇಲ್ಲಿಗೇ ಬಂದು ಸೇರಿತು. ಇದ್ದ ಊರೂ ಇಲ್ಲದ ಊರೂ ಒಂದೇ ಸೂರಿನಡಿ ನೆರೆಹೊರೆಯಾದವು. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡನು. ಆತ ಹಾಕಿದ ಕೆಲಸವನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ಬಿಳಿ ಕುದುರೆಯ ಕಣಿವೆಯನ್ನು ಬೆಳೆಸಿದರು. ಕಟ್ಟುವುದರಷ್ಟೇ ಕಷ್ಟ ಅದನ್ನು ಕಾಪಾಡುವುದು. ಏಕೆಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಿರುವ ಧೂಳಿನ ಕಣವೂ ಆ ಊರಿನ ಬೀದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಕಲ್ಲು. ಮೆತ್ತನೆಯ ಬ್ರಷ್ಷು ಹಿಡಿದು ಮಾಡಿನಿಂದ ಮಾಡಿಗೆ, ಬೇಲಿಯಿಂದ ಬೇಲಿಗೆ ಅದನ್ನು ಗುಡಿಸುತ್ತ ಬರಬೇಕು.